ನಾಲ್ಕನೇ ಪುಟದಿಂದ ಶುರು ಮಾಡಿ

ಮಂಡ್ಯದ ಗೆಳೆಯರಿಗೆ ಮೈಸೂರಿನಿಂದ ನಮಸ್ಕಾರ.

ಬಾಯಿಯ ಥ್ರಶ್ ಸೋಂಕು ತರುವ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ನಮ್ಮ ಪತ್ರಿಕೆಯಲ್ಲಿ ಇದ್ದ ಹಾಗೆ ಹಾಕೋಕೆ ಆಗುವುದಿಲ್ಲ. ಕೈಬಿಡೋಕೂ ಮನಸ್ಸಿಲ್ಲ.

ಮೊದಲ ಮೂರು ಪುಟ ತೆಗೆಯಿರಿ. ಪಾಶ್ಚರ್, ಸೂಕ್ಷ್ಮದರ್ಶಕ, ಬ್ರೆಡ್ ಉಬ್ಬುವುದು, ಇವೆಲ್ಲ ಶಾಲೆಯಲ್ಲೇ ಓದಿದ್ದು ಅಲ್ವಾ? ಕ್ಯಾಂಡಿಡಾ ಆಲ್ಬಿಕನ್ಸ್ ಕೆನ್ನೆಯ ಒಳಪದರಕ್ಕೆ ಅಂಟುವ ಕಡೆ ನಿಜವಾದ ಲೇಖನ ಇದೆ. ಅಲ್ಲೇ ಅವಸರ ಮಾಡಿದ್ದೀರಿ. ‘ಕೆಲವು ಪ್ರೋಟೀನ್‌ಗಳ ಸಹಾಯದಿಂದ ಅಂಟುತ್ತದೆ’ ಅಂದರೆ ಓದುಗರ ಕೈಗೆ ಏನು ಸಿಕ್ಕಿತು? ಗುಂಡಗಿದ್ದ ಯೀಸ್ಟ್ ಉದ್ದಕ್ಕೆ ಎಳೆ ಬಿಡುತ್ತದೆ. ಎಳೆಯ ಮೈಮೇಲೆ ಎಚ್‌ಡಬ್ಲ್ಯೂಪಿ1 ಎಂಬ ಪ್ರೋಟೀನ್ ಇರುತ್ತದೆ. ನಮ್ಮ ಕೋಶಗಳಲ್ಲಿ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಇದೆ, ನಮ್ಮ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೊಲಿಯುವುದು ಅದರ ಕೆಲಸ. ಎಚ್‌ಡಬ್ಲ್ಯೂಪಿ1 ನೋಡೋಕೆ ನಮ್ಮದರ ಹಾಗೇ ಇರುವುದರಿಂದ ಆ ಕಿಣ್ವ ಅದನ್ನೂ ಸೇರಿಸಿ ಹೊಲಿದುಬಿಡುತ್ತದೆ. ಅಂದರೆ ಯೀಸ್ಟನ್ನು ಗಟ್ಟಿಯಾಗಿ ಅಂಟಿಸಿಕೊಡುವುದು ನಮ್ಮದೇ ಕಿಣ್ವ! ಇಷ್ಟು ಒಳ್ಳೆ ಜಾಗದಲ್ಲಿ ನಿಲ್ಲದೆ ಹೇಗೆ ಹೋದಿರಿ? ಎಎಲ್‌ಎಸ್3 ಎಂಬ ಎಳೆಯ ಇನ್ನೊಂದು ಪ್ರೋಟೀನ್‌ಗೂ ನಾಲ್ಕು ಸಾಲು ಕೊಡಿ. ಅದು ನಮ್ಮ ಕೋಶದ ಮೈಮೇಲಿನ ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಹಿಡಿದು, ಕೋಶವೇ ಎಳೆಯನ್ನು ಒಳಗೆ ಎಳೆದುಕೊಳ್ಳುವ ಹಾಗೆ ಮಾಡುತ್ತದೆ.

ಇನ್ನೊಂದು. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಈ ಯೀಸ್ಟ್ ಸುಮ್ನೆ ಇರುತ್ತದೆ. ಅದನ್ನು ಹೇಳದೆ ಯುದ್ಧ, ದಾಳಿ ಅಂತ ಬರೆದರೆ ಜನ ಹೆದರುತ್ತಾರೆ ಅಷ್ಟೇ.

‘ಅಂಟು ಬಿಡಿಸುವ ಔಷಧ ಬಂದಿದೆ’ ಎಂಬ ಸಾಲನ್ನು ಮಾತ್ರ ಅಚ್ಚಾಗೋಕೆ ನಾನು ಬಿಡುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫ್ಲುಕೊನಜೋಲ್ ಎಂಬ ಔಷಧ ಅಂಟು ಬಿಡಿಸುವುದಕ್ಕಲ್ಲ, ಯೀಸ್ಟಿನ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಾಗದಂತೆ ತಡೆಯುತ್ತದೆ. ಎಎಲ್‌ಎಸ್3 ಇಟ್ಟುಕೊಂಡು ಮಾಡಿದ ಎನ್‌ಡಿವಿ-3ಎ ಲಸಿಕೆಯನ್ನು ಇದೇ ಯೀಸ್ಟಿನಿಂದ ಮತ್ತೆ ಮತ್ತೆ ಯೋನಿ ಸೋಂಕು ಬರುವ ಹೆಂಗಸರ ಮೇಲೆ ಪರೀಕ್ಷಿಸಿದ್ದಾರೆ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 40 ವರ್ಷದೊಳಗಿನವರಿಗೆ ಅನುಕೂಲ ಕಂಡಿತು. ಮಾರುಕಟ್ಟೆಗೆ ಬಂದಿಲ್ಲ. ಇಷ್ಟನ್ನೇ ಬರೆಯಿರಿ, ಸಾಕು.

ನಿಮ್ಮ ಅಜ್ಜಿಯ ಹಲ್ಲು ಸೆಟ್ಟಿನ ಕೆಳಗೆ ಅಂಗುಳ ಕೆಂಪಾಗಿದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅದು ಮುಂದೆ ಬರಲಿ. ಈ ಯೀಸ್ಟ್ ಹಲ್ಲು ಸೆಟ್ಟಿನ ಪ್ಲಾಸ್ಟಿಕ್ ಆದ ಅಕ್ರಿಲಿಕ್‌ಗೂ ಚೆನ್ನಾಗಿ ಅಂಟುತ್ತದೆ. ರಾತ್ರಿ ಸೆಟ್ ತೆಗೆದಿಡುವುದು, ದಿನಾ ಬ್ರಷ್‌ನಲ್ಲಿ ಉಜ್ಜುವುದು, ಇದೂ ಅಂಟದಂತೆ ತಡೆಯುವ ದಾರಿಯೇ. ಲಸಿಕೆಗಿಂತ ಇದು ನಮ್ಮ ಓದುಗರಿಗೆ ಜಾಸ್ತಿ ಉಪಯೋಗ.

ಎರಡು ಪುಟಕ್ಕೆ ಇಳಿಸಿ ಕಳಿಸಿ. ದಸರಾ ಸಂಚಿಕೆಯ ಗಡಿಬಿಡಿ ಮುಗಿದ ಮೇಲೆ ನೋಡುತ್ತೇನೆ.