ಕಾಲಲ್ಲಿ ಶಕ್ತಿ ಇದೆ, ಸೈಕಲ್ ಯಾಕೆ ಓಡ್ತಿಲ್ಲ?

ಪ್ರಶ್ನೆ: ಸರ್, ನನಗೆ 41 ವರ್ಷ. ಗೋವಾದಲ್ಲಿ ಹಾಫ್ ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ನಲ್ಲಿ ಅರ್ಧ ದೂರದ್ದು) ಮುಗಿಸಿದ್ದೇನೆ. ಈಜು ಪರವಾಗಿಲ್ಲ, ಓಟವೂ ಪರವಾಗಿಲ್ಲ. 90 ಕಿ.ಮೀ. ಸೈಕಲ್‌ಗೆ ಮಾತ್ರ 3 ಗಂಟೆ 13 ನಿಮಿಷ ಹಿಡಿಯಿತು. ರೋಡ್ ಬೈಕಿಗೇ ಏರೋಬಾರ್ (ಮುಂಗೈ ಊರಿ, ಬಗ್ಗಿ ಓಡಿಸುವ ಹ್ಯಾಂಡಲ್) ಹಾಕಿಸಿದ್ದೆ. ಅರ್ಧ ದಾರಿ ಆಗುವಷ್ಟರಲ್ಲಿ ಕತ್ತು, ಬೆನ್ನು ಹಿಡಿದುಕೊಂಡು, ಉಳಿದದ್ದನ್ನು ಎದ್ದು ಕೂತು ಮಾಮೂಲಿ ಹ್ಯಾಂಡಲ್ ಹಿಡಿದೇ ಓಡಿಸಿದೆ. ಮುಂದೆ ಪೂರ್ತಿ ದೂರದ್ದು, ಅಂದರೆ 180 ಕಿ.ಮೀ. ಸೈಕಲ್ ಇರುವ ಟ್ರಯಥ್ಲಾನ್ ಮಾಡುವ ಆಸೆ. ಒಬ್ಬ ಗೆಳೆಯ ಕಾರ್ಬನ್ ಚಕ್ರ ತಗೋ ಅಂತಾನೆ, ಇನ್ನೊಬ್ಬ ಟ್ರಯಥ್ಲಾನ್ ಬೈಕೇ ತಗೋ ಅಂತಾನೆ. ಎರಡೂ ದುಬಾರಿ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಅರ್ಧ ದಾರಿ ಆದಮೇಲೆ ಎದ್ದು ಕೂತೆ ಅಂದಿರಲ್ಲ, ನಿಮ್ಮ ಹೊತ್ತು ಹೋಗಿದ್ದು ಅಲ್ಲೇ. ಮೊದಲು ಸೈಕಲ್ ನಿಮ್ಮ ಮೈಗೆ ಹೊಂದಬೇಕು. ಅದಾಗದೆ ಎಂಥ ಚಕ್ರ ಹಾಕಿದರೂ ಗಾಳಿಗೆ ಎದೆಯೊಡ್ಡಿಕೊಂಡೇ ಓಡಿಸುತ್ತೀರಿ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 28–30 ಕಿ.ಮೀ. ವೇಗದಲ್ಲಿ ಹೋಗುವಾಗ, ತುಳಿಯುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಗಾಳಿಗೆ ಹೆಚ್ಚು ಅಡ್ಡ ಬರುವುದು ನಿಮ್ಮ ಮೈ, ಸೈಕಲ್ ಅಲ್ಲ. ವೇಗ ಸ್ವಲ್ಪ ಏರಿದರೂ ಈ ಖರ್ಚು ತುಂಬಾ ಏರುತ್ತದೆ: 28ರಿಂದ 30ಕ್ಕೆ ಹೋಗಬೇಕಾದರೆ ಗಾಳಿಯ ಬಾಬ್ತಿಗೇ 23% ಜಾಸ್ತಿ ಶಕ್ತಿ ಬೇಕು. ಬರೀ ತರಬೇತಿಯಿಂದ ಅಷ್ಟು ಗಳಿಸುವುದು ಸುಲಭ ಅಲ್ಲ. ಬೇರೆ ದಾರಿ ನೋಡಿ. ಸವಾರ, ಸೈಕಲ್ ಸೇರಿ 80 ಕೆ.ಜಿ., ರಸ್ತೆ ಸಮತಟ್ಟು, ಎದುರುಗಾಳಿ ಇಲ್ಲ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿ ನೋಡಿದೆ. ಮೈ ತಗ್ಗಿಸಿ ಗಾಳಿಯ ತಡೆಯನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ, ಅಷ್ಟೇ ತುಳಿತಕ್ಕೆ 28 ಇದ್ದ ವೇಗ 30ರ ಹತ್ತಿರ ಬರುತ್ತದೆ. 90 ಕಿ.ಮೀ.ಗೆ ಹತ್ತು ನಿಮಿಷಕ್ಕೂ ಹೆಚ್ಚು, 180ಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಉಳಿಯಿತು. ಮಾಮೂಲಿ ಹ್ಯಾಂಡಲ್‌ನಿಂದ ಏರೋಬಾರ್‌ಗೆ ಸರಿಯಾಗಿ ಇಳಿದರೆ ಇಷ್ಟು ಸಿಗುವುದು ದೊಡ್ಡ ವಿಷಯವೇನಲ್ಲ.

1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಕೊನೆಯ ದಿನ ನೆನಪಿಸಿಕೊಳ್ಳಿ. ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ., ಒಬ್ಬೊಬ್ಬರೇ ಓಡಿಸಬೇಕಾದ ಸ್ಪರ್ಧೆ. ಅಮೆರಿಕದ ಗ್ರೆಗ್ ಲೆಮಾಂಡ್ ಒಟ್ಟು ಹೊತ್ತಿನಲ್ಲಿ 50 ಸೆಕೆಂಡ್ ಹಿಂದಿದ್ದರು. ಟ್ರಯಥ್ಲಾನ್‌ನವರು ಆಗಲೇ ಬಳಸುತ್ತಿದ್ದ ಏರೋಬಾರ್ ಹಾಕಿಕೊಂಡು ಬಂದರು. ಮುಂದಿದ್ದ ಲೊರಾಂ ಫಿನ್ಯೋನ್ ಹಳೇ ಥರದ ಹ್ಯಾಂಡಲ್ ಹಿಡಿದು, ತಲೆಗೆ ಏನೂ ಹಾಕದೆ ಓಡಿಸಿದರು. ಇಡೀ ಟೂರ್ ಅನ್ನು ಲೆಮಾಂಡ್ ಗೆದ್ದದ್ದು 8 ಸೆಕೆಂಡ್ ಅಂತರದಲ್ಲಿ. ಆದರೆ ಅವರು ಆ ಭಂಗಿಯಲ್ಲಿ ಇದ್ದದ್ದು ಅರ್ಧ ಗಂಟೆಗಿಂತ ಕಡಿಮೆ. ನೀವು ಮೂರು ಗಂಟೆ, ಮುಂದೆ ಆರು ಗಂಟೆ ಹಾಗೇ ಇರಬೇಕು, ಇಳಿದ ಮೇಲೆ ಓಡಲೂಬೇಕು. ಹಾಗಾಗಿ ಎಷ್ಟು ಕೆಳಗೆ ಬಗ್ಗುತ್ತೀರಿ ಅನ್ನುವುದಕ್ಕಿಂತ ಮೂರನೇ ಗಂಟೆಯಲ್ಲೂ ಅಲ್ಲೇ ಇರುತ್ತೀರಾ ಅನ್ನೋದೇ ಮುಖ್ಯ.

ನಿಮ್ಮ ಬೆನ್ನು ಯಾಕೆ ಹಿಡಿಯಿತು? ರೋಡ್ ಬೈಕಿನ ಸೀಟು ಪೆಡಲ್‌ಗಿಂತ ಸಾಕಷ್ಟು ಹಿಂದಿರುತ್ತದೆ. ಸೀಟ್ ಟ್ಯೂಬಿನ (ಸೀಟಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆಯ) ಓರೆ 73 ಡಿಗ್ರಿ ಆಸುಪಾಸು. ಟ್ರಯಥ್ಲಾನ್ ಬೈಕಿನಲ್ಲಿ ಅದು 76ರಿಂದ 80ರವರೆಗೆ ನೆಟ್ಟಗೆ ಇರುತ್ತದೆ, ಅಂದರೆ ಸೀಟು ಮುಂದಿರುತ್ತದೆ. ಸೀಟನ್ನು ಹಿಂದೆಯೇ ಬಿಟ್ಟು ಮುಂದುಗಡೆ ಏರೋಬಾರ್ ಮಾತ್ರ ಕೂರಿಸಿದರೆ ಸವಾರ ಎರಡೂ ಕಡೆ ಎಳೆದುಕೊಂಡು ಮಲಗಿದ ಹಾಗಾಗುತ್ತದೆ. ತೊಡೆ ಹೊಟ್ಟೆಗೆ ಒತ್ತುತ್ತದೆ, ಸೊಂಟದ ಸಂದು ಮುಚ್ಚಿಕೊಳ್ಳುತ್ತದೆ, ತುಳಿತದ ಬಲ ಇಳಿಯುತ್ತದೆ. ಅಂಗಡಿಗಳಲ್ಲಿ ಏರೋಬಾರ್ ಹಾಕಿಕೊಟ್ಟು ಕಳಿಸಿಬಿಡುತ್ತಾರೆ, ಸೀಟಿನ ಮಾತೇ ಎತ್ತುವುದಿಲ್ಲ. ನನಗೆ ಬರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ.

ಆದ್ದರಿಂದ ಸೀಟಿನಿಂದ ಶುರು ಮಾಡಿ. ಈಗಿರುವ ಅಳತೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಸೀಟ್‌ಪೋಸ್ಟ್‌ಗೆ (ಸೀಟನ್ನು ಹಿಡಿದಿರುವ ಕಂಬಕ್ಕೆ) ಟೇಪ್ ಸುತ್ತಿ ಗುರುತು ಮಾಡಿ. ಆಮೇಲೆ ಬರಿಗಾಲಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತು, ದಪ್ಪ ರಟ್ಟಿನ ಪುಸ್ತಕವನ್ನು ಕಾಲುಗಳ ಮಧ್ಯೆ ಸಿಕ್ಕಿಸಿ, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಗಟ್ಟಿಯಾಗಿ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಬರುತ್ತದೆ. 82 ಸೆಂ.ಮೀ. ಇದ್ದರೆ 72.4. ಇದು ಬರೀ ಶುರುವಿನ ಅಳತೆ. ನಿಜ ಗೊತ್ತಾಗುವುದು ಸೈಕಲ್ಲನ್ನು ಟ್ರೇನರ್ (ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೋ ತೆಗೆಸಿಕೊಂಡಾಗ. ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ವಾಲುತ್ತಿದ್ದರೆ ಸೀಟು ಎತ್ತರ ಆಯಿತು ಅಂತಲೇ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ನೋಯುತ್ತಿದ್ದರೆ ಎತ್ತರ.

ಈಗ ಸೀಟನ್ನು ಮುಂದಕ್ಕೆ ತನ್ನಿ. ಸೀಟಿನ ಅಡಿಯ ಕಂಬಿಯ (ರೈಲ್) ಮೇಲೆ ಎಷ್ಟು ಜಾಗ ಇದೆಯೋ ಅಷ್ಟರೊಳಗೇ, ಮತ್ತೆ ಒಂದೇ ಸಲಕ್ಕೆ ಅಲ್ಲ, 5 ಮಿ.ಮೀ. ಲೆಕ್ಕದಲ್ಲಿ. ಜಾಗ ಸಾಲದಿದ್ದರೆ ಹಿಂದಕ್ಕೆ ಬಾಗದ ನೇರ ಸೀಟ್‌ಪೋಸ್ಟ್ ಹಾಕಿಸಿ, ಚಕ್ರದ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಮುಂದೆ ತಂದಾಗ ಸೀಟು ಪೆಡಲ್‌ಗೆ ಹತ್ತಿರ ಆಗುವುದರಿಂದ ಸ್ವಲ್ಪ ಏರಿಸಲೂ ಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ.

ಏರೋಬಾರ್‌ಗೆ ಕೈ ಹಾಕುವುದು ಇಷ್ಟೆಲ್ಲ ಆದಮೇಲೆ. ಮೊಣಕೈ ಹೆಗಲಿಗಿಂತ ತುಸು ಮುಂದಿರಲಿ. ಮುಂಡಕ್ಕೂ ತೋಳಿಗೂ ಹೆಚ್ಚುಕಡಿಮೆ 90 ಡಿಗ್ರಿ ಬರಲಿ. ಕೈ ಊರುವ ಪ್ಯಾಡ್ ಮೊಣಕೈ ಹತ್ತಿರ ಕೂರಬೇಕು, ಮುಂಗೈ ನಡುಮಧ್ಯದಲ್ಲಿ ಅಲ್ಲ. ಮೈ ಭಾರ ಮೂಳೆಯ ಮೇಲೆ ನಿಂತರೆ ಹೆಗಲು, ಕತ್ತು ಸಡಿಲ ಇರುತ್ತವೆ. ಇನ್ನೂ ಎಳೆಯುತ್ತಿದ್ದರೆ ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಸೇರಿಸುವ ತುಂಡು) ಹಾಕಿಸಿ. ಪ್ಯಾಡ್ ಕೆಳಗೆ ಸ್ಪೇಸರ್ ಇಟ್ಟು ಎತ್ತರಿಸೋಕೆ ಸಂಕೋಚ ಬೇಡ. ಎರಡು ಸೆಂ.ಮೀ. ಮೇಲೆ ಕೂತರೂ ಕೊನೆಯವರೆಗೂ ಮಲಗಿಯೇ ಓಡಿಸುವವರು, ತುಂಬಾ ಕೆಳಗೆ ಬಗ್ಗಿ ಹತ್ತು ನಿಮಿಷಕ್ಕೊಮ್ಮೆ ಎದ್ದು ಕೂರುವವರಿಗಿಂತ ಬೇಗ ಮುಟ್ಟುತ್ತಾರೆ.

ಭಂಗಿ ಸರಿಹೋದರೂ ಮೈಗೆ ಅಭ್ಯಾಸ ಆಗಬೇಕು. ಟ್ರೇನರ್ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ ವಾರ ವಾರ ಹೆಚ್ಚಿಸಿ. ಬಾಟಲಿಯನ್ನು ಎರಡು ಕೈಗಳ ಮಧ್ಯೆ ಬರುವ ಹಾಗೆ ಕಟ್ಟಿಕೊಳ್ಳಿ. ಗೋವಾದ ಸೆಕೆಯಲ್ಲಿ ಪದೇ ಪದೇ ಕುಡಿಯಲೇಬೇಕು, ಪ್ರತಿ ಸಲ ಎದ್ದು ಕೂತರೆ ಏರೋಬಾರ್ ಇದ್ದೂ ಏನು ಬಂತು? ಅಂಗಿ ಬಿಗಿಯಾಗಿರಲಿ. ಫಲ ಸಿಕ್ಕಿತಾ ಅಂತ ನೋಡೋಕೆ, ಗಾಳಿ ಇಲ್ಲದ ಬೆಳಗಿನ ಜಾವ ಒಂದೇ ರಸ್ತೆಯಲ್ಲಿ ಹೋಗಿ ಬನ್ನಿ. ಪವರ್ ಮೀಟರ್ (ತುಳಿತದ ಶಕ್ತಿ ಅಳೆಯುವ ಸಾಧನ) ಇದ್ದರೆ ಅದೇ ವಾಟ್, ಇಲ್ಲದಿದ್ದರೆ ಅದೇ ಎದೆಬಡಿತ ಇಟ್ಟುಕೊಂಡು ಹೊತ್ತು ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪರ್ಧೆಗೆ ಮೂರ್ನಾಲ್ಕು ವಾರ ಇರುವಾಗ ಬೋಲ್ಟ್ ತಿರುಗಿಸುವ ಅಲೆನ್ ಕೀ ಒಳಗಿಟ್ಟುಬಿಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಏರೋಬಾರ್ ಮೇಲೆ ಕೈ ಇದ್ದಾಗ ರೋಡ್ ಬೈಕಿನ ಬ್ರೇಕ್ ಕೈಗೆ ಸಿಗುವುದಿಲ್ಲ. ಊರೊಳಗೆ, ಗುಂಪಿನಲ್ಲಿ, ಇಳಿಜಾರಿನ ತಿರುವಿನಲ್ಲಿ ಅದನ್ನು ಮುಟ್ಟಲೇಬೇಡಿ. ಹಂಪ್, ಗುಂಡಿ, ಅಡ್ಡ ಬರುವ ನಾಯಿ, ಇವೆಲ್ಲ ಇರುವ ನಮ್ಮ ರಸ್ತೆಗಳಲ್ಲಿ ಎರಡು ನಿಮಿಷ ಉಳಿಸಲು ಹೋಗಿ ಕೊರಳೆಲುಬು ಮುರಿದುಕೊಳ್ಳಬಾರದು.

ಇದೆಲ್ಲ ಮಾಡಿಯೂ ನೋವು ಹೋಗದಿದ್ದರೆ ಬೆಂಗಳೂರಿಗೆ ಹೋಗಿ ಬೈಕ್ ಫಿಟ್ (ಮೈಯಳತೆಗೆ ಸೈಕಲ್ ಹೊಂದಿಸುವುದು) ಮಾಡಿಸಿ. ಟ್ರಯಥ್ಲಾನ್‌ನವರಿಗೆ ಮಾಡಿ ಅಭ್ಯಾಸ ಇದೆಯಾ ಅಂತ ಮೊದಲೇ ಕೇಳಿ. ನಿಮ್ಮದೇ ಶೂ, ಚಡ್ಡಿ ಒಯ್ಯಿರಿ. 180 ಕಿ.ಮೀ. ಆದಮೇಲೆ 42 ಕಿ.ಮೀ. ಓಡಬೇಕು ಅಂತ ಬಾಯಿಬಿಟ್ಟು ಹೇಳಿ, ಅದರ ಮೇಲೆ ಅವರ ಅಳತೆ ಬದಲಾಗುತ್ತದೆ.

ಪ್ರಶ್ನೆ: ಮೇಡಂ ಒಬ್ಬರು ಉತ್ತರಿಸಿದರೆ ಒಳ್ಳೆಯದಿತ್ತು, ಆದರೂ ಕೇಳುತ್ತೇನೆ. ಏರೋಬಾರ್ ಮೇಲೆ ಬಗ್ಗಿದ ಸ್ವಲ್ಪ ಹೊತ್ತಿಗೆ ಸೀಟು ತಗಲುವ ಕಡೆ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಸಹಿಸಿಕೊಂಡರೆ ಅಭ್ಯಾಸ ಆಗುತ್ತದೆ ಅಂತಾರೆ. ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಜ ಅಲ್ಲ. ಜೋಮನ್ನು ಸಹಿಸಲೇಬೇಡಿ. ಕೇಳಿದ್ದು ಒಳ್ಳೆಯದಾಯಿತು, ಗಂಡಸರಿಗೂ ಇದೇ ತೊಂದರೆ ಇದೆ, ಯಾರೂ ಬಾಯಿ ಬಿಡುವುದಿಲ್ಲ.

ನೆಟ್ಟಗೆ ಕೂತಾಗ ಭಾರ ಕೂರುವ ಮೂಳೆಗಳ ಮೇಲಿರುತ್ತದೆ. ಏರೋಬಾರ್ ಮೇಲೆ ಬಗ್ಗಿದಾಗ ಸೊಂಟ ಮುಂದಕ್ಕೆ ತಿರುಗಿ, ಭಾರ ಮೆತ್ತನೆಯ ಭಾಗಕ್ಕೆ ಬಂದು, ಅಲ್ಲಿನ ನರ, ರಕ್ತನಾಳ ಒತ್ತಿಹೋಗುತ್ತವೆ. ಅದಕ್ಕೇ ಟ್ರಯಥ್ಲಾನ್‌ಗೆ ಮೂತಿ ಸೀಳಿರುವ ಅಥವಾ ನಡುವೆ ಕೊರೆದಿರುವ ಸೀಟುಗಳನ್ನು ಮಾಡಿದ್ದಾರೆ. ಮೆತ್ತಗಿದೆ ಅಂತ ದಪ್ಪ ಜೆಲ್ ಕವರ್ ಹಾಕಬೇಡಿ, ಅದು ಇನ್ನೂ ಒಳಗೆ ಒತ್ತುತ್ತದೆ. ಮೂತಿಯನ್ನು ಒಂದೆರಡು ಡಿಗ್ರಿ ಕೆಳಕ್ಕೆ ಬಾಗಿಸಿ ನೋಡಿ. ಸೀಟು ಎತ್ತರ ಇದ್ದರೆ ಸೊಂಟ ವಾಲಿ ಚರ್ಮ ಉಜ್ಜುತ್ತದೆ, ಅದನ್ನೂ ನೋಡಿ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೊಳಗೆ ಬೇರೆ ಒಳಉಡುಪು ಹಾಕಬೇಡಿ. ಸಾಧ್ಯವಾದರೆ ಕೊಳ್ಳುವ ಮೊದಲು ಗೆಳತಿಯರ ಸೀಟು ಕೇಳಿ ಓಡಿಸಿ ನೋಡಿ, ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಇಳಿದ ಮೇಲೂ ಜೋಮು ಉಳಿದರೆ, ಗಾಯ ಮಾಯದಿದ್ದರೆ, ಮೂತ್ರ ಮಾಡುವಾಗ ಉರಿ ಇದ್ದರೆ ಸೈಕಲ್ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಎತ್ತರ 5 ಅಡಿ 4 ಇಂಚು. ಸೈಕಲ್ ಜೊತೆ ಬಂದ ಕ್ರ್ಯಾಂಕ್ 172.5 ಮಿ.ಮೀ. ಚಿಕ್ಕದು ಹಾಕಿದರೆ ವೇಗ ಕಮ್ಮಿ ಆಗಲ್ವಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆಗಲ್ಲ. ನಿಮ್ಮ ಎತ್ತರಕ್ಕೆ ಅದು ಉದ್ದವೇ. 165 ಹಾಕಿಸಿದರೆ ಪೆಡಲ್ ಕೆಳಗಿರುವಾಗ ಪಾದ 7.5 ಮಿ.ಮೀ. ಮೇಲೆ ಬರುತ್ತದೆ, ಹಾಗಾಗಿ ಸೀಟನ್ನು ಅಷ್ಟೇ ಏರಿಸಬೇಕು. ಪೆಡಲ್ ಮೇಲಿರುವಾಗ ಪಾದ 7.5 ಮಿ.ಮೀ. ಕೆಳಗಿರುತ್ತದೆ. ಎರಡೂ ಸೇರಿದರೆ ಸೀಟಿಗೂ ಪಾದಕ್ಕೂ 15 ಮಿ.ಮೀ. ಜಾಸ್ತಿ ಅಂತರ ಸಿಕ್ಕಿತು, ಮಂಡಿ ಎದೆಗೆ ಬಡಿಯುವುದು ತಪ್ಪಿತು, ಉಸಿರಾಟವೂ ಸರಾಗ. ಮೊದಮೊದಲು ಗೇರ್ ಭಾರ ಅನ್ನಿಸುತ್ತದೆ. ಒಂದು ಗೇರ್ ಹಗುರ ಮಾಡಿ ಸ್ವಲ್ಪ ಬೇಗ ಬೇಗ ತುಳಿಯಿರಿ, ಒಂದೆರಡು ವಾರದಲ್ಲಿ ಕಾಲು ಹೊಂದಿಕೊಳ್ಳುತ್ತದೆ. ಕ್ರ್ಯಾಂಕ್‌ನಲ್ಲೇ ಪವರ್ ಮೀಟರ್ ಇದ್ದರೆ ಮಾತ್ರ ಖರ್ಚು ಜಾಸ್ತಿ, ಆಗ ಬೈಕ್ ಫಿಟ್ ಮಾಡುವವರ ಹತ್ತಿರ ಉದ್ದ ಬದಲಿಸಬಹುದಾದ ಕ್ರ್ಯಾಂಕ್ ಇದ್ದರೆ ಅದರ ಮೇಲೆ ತುಳಿದು ನೋಡಿ, ಆಮೇಲೆ ಕೊಳ್ಳಿ.