‘ಏನೂ ಆಗಿಲ್ಲ’ ಎಂಬ ಮಾತು ಮತ್ತು ಮಳೆ ಪುಸ್ತಕದ ಕೊನೆಯ ಪುಟ

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದ ಒಂದು ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಎಂದು ಊರು, ಓದು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಆಡಿದ ಮಾತುಗಳನ್ನು ಮಾತ್ರ ಆದಷ್ಟು ಹಾಗೇ ಇಟ್ಟಿದ್ದೇನೆ.

ಹುಡುಗಿಗೆ 22 ವರ್ಷ. ಮಡಿಕೇರಿ ತಾಲ್ಲೂಕಿನ ಗುಡ್ಡದ ಮೇಲಿನ ಊರು. ಅರೆಭಾಷೆ ಮಾತಾಡುವ ಮನೆ. ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು. ಮನೆಯಲ್ಲಿ ಅಪ್ಪ, ಅಮ್ಮ, 80 ದಾಟಿದ ಅಜ್ಜಿ. ಡಿಗ್ರಿ ಮುಗಿಸಿ, ಎರಡು ವರ್ಷ ಕಷ್ಟಪಟ್ಟು ಜರ್ಮನ್ ಕಲಿತು, ಅಲ್ಲಿನ ಒಂದು ಚಿಕ್ಕ ಊರಿನ ವೃದ್ಧಾಶ್ರಮದಲ್ಲಿ ಒಂದು ವರ್ಷ ಸ್ವಯಂಸೇವೆ ಮಾಡಲು ಆಯ್ಕೆಯಾಗಿದ್ದಳು. ಸೆಪ್ಟೆಂಬರ್ 1ಕ್ಕೆ ಕೆಲಸ ಶುರು. ನನ್ನ ಹತ್ತಿರ ಬಂದದ್ದು ಮೇ ತಿಂಗಳಲ್ಲಿ.

‘ಮೇಡಂ, ಹೋಗೋಕೆ ತುಂಬ ಆಸೆ ಇದೆ. ಆದ್ರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ, ಎದೆ ಹಿಡ್ಕೊಂಡ ಹಾಗಾಗುತ್ತೆ’ ಎಂದಳು.

ಹೊರದೇಶಕ್ಕೆ ಹೊರಟವರಲ್ಲಿ ನಾನು ಸಾಮಾನ್ಯವಾಗಿ ನೋಡುವ ಹೆದರಿಕೆಯೇ ಇದು ಎಂದುಕೊಂಡೆ. ಭಾಷೆ, ಚಳಿ, ಊಟ, ಒಂಟಿತನ. ಮೊದಲ ಭೇಟಿಯ ಮುಕ್ಕಾಲು ಪಾಲನ್ನು ಅದರಲ್ಲೇ ಕಳೆದೆ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಎಲ್ಲ ಓದಿಕೊಂಡಿದ್ದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು: ‘ಆಗಸ್ಟ್ ಕೊನೆಗೆ ಮಳೆ ನಿಂತಿರುತ್ತಾ ಮೇಡಂ?’

ನಾನು ತಪ್ಪು ಕಡೆ ನೋಡುತ್ತಿದ್ದೆ ಎಂದು ಆಗ ಗೊತ್ತಾಯಿತು.

ಎರಡನೇ ಭೇಟಿಯಲ್ಲಿ, ಭಾರಿ ಮಳೆಗೆ ಕೊಡಗಿನ ಗುಡ್ಡಗಳು ಜಾರಿದ 2018ರ ಆಗಸ್ಟ್ ಬಗ್ಗೆ ಕೇಳಿದೆ. ಕೊಡಗಿನಲ್ಲಿ ಕೆಲಸ ಮಾಡುವ ಆಪ್ತಸಲಹೆಗಾರರು ಈ ಪ್ರಶ್ನೆಯನ್ನು ಮೊದಲೇ ಕೇಳಿಬಿಡುವುದು ಒಳ್ಳೆಯದು. ಗುಡ್ಡ ಜಾರಿದ ಆ ವಾರ ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು, ಮೊದಲ ಪಿಯುಸಿ. ಮೂರು ದಿನ ಮನೆಗೆ ಫೋನ್ ಸಿಗಲಿಲ್ಲ. ಕರೆಂಟ್ ಇಲ್ಲ, ಟವರ್ ಇಲ್ಲ, ರಸ್ತೆ ಇಲ್ಲ. ನಾಲ್ಕನೇ ದಿನ ಅಪ್ಪನ ದನಿ ಕೇಳಿತು. ‘ಏನೂ ಆಗಿಲ್ಲ ಮಗಾ. ಎಲ್ಲ ಸರಿ ಇದ್ದೇವೆ. ನೀನು ಓದ್ಕೋ.’

ತಿಂಗಳು ಕಳೆದು ಊರಿಗೆ ಹೋದಾಗ ಮನೆಯ ಹಿಂದಿನ ಗೋಡೆ ಇರಲಿಲ್ಲ. ಕೆಳಗಿನ ಅರ್ಧ ಎಕರೆ ಕಾಫಿ ಗಿಡ ಮಣ್ಣಿನ ಜೊತೆ ತೋಡಿಗೆ ಇಳಿದಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಪರಿಹಾರ ಕೇಂದ್ರಕ್ಕೆ ಸೇರಿಸಿದ್ದರು ಎನ್ನುವುದು ಪಕ್ಕದ ಮನೆಯವರಿಂದ ಗೊತ್ತಾಯಿತು.

‘ಅವತ್ತಿಂದ ಅಪ್ಪ ಏನೂ ಆಗಿಲ್ಲ ಅಂದ್ರೆ ಸಾಕು, ನನ್ನ ಕೈ ತಣ್ಣಗಾಗುತ್ತೆ’ ಎಂದಳು.

ಅವಳ ಕಷ್ಟ ಜರ್ಮನಿಯದಲ್ಲ. ಒಂದು ವರ್ಷ ಪೂರ್ತಿ ಆ ಒಂದು ಮಾತನ್ನು ಫೋನಿನಲ್ಲಿ ಕೇಳಿಕೊಂಡು ಬದುಕುವುದು ಹೇಗೆ ಎಂಬುದು. ಮಳೆ ಸದ್ದಿಗೆ ಮೈ ಬಿಗಿಯುವುದು, ಕೆಟ್ಟ ಕನಸು ಸ್ವಲ್ಪ ಇದ್ದವು. ಹಾಗಾಗಿ ಒಮ್ಮೆ ಮನೋವೈದ್ಯರಿಗೂ ತೋರಿಸಿದೆವು. ಔಷಧಿ ಬೇಡ, ಮಾತುಕತೆ ಮುಂದುವರಿಸಿ ಎಂದರು.

ಇನ್ನೊಂದು ಮುಳ್ಳೂ ಇತ್ತು. ವೀಸಾ ಬಂದ ದಿನ ಅಪ್ಪ ಊಟದ ಮುಂದೆ ಕೂತು ಹೇಳಿದ್ದರಂತೆ: ‘ಇಲ್ಲಿ ಮನೆಯ ಅಜ್ಜಿಯನ್ನು ಬಿಟ್ಟು ಅಲ್ಲಿ ಯಾರದೋ ಅಜ್ಜಿಯನ್ನು ನೋಡ್ಕೊಳ್ಳೋಕೆ ಹೋಗ್ಬೇಕಾ?’ ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅವಳ ಎದೆಯಲ್ಲಿ ಮಾತ್ರ ಅದು ಹಾಗೇ ಕೂತಿತ್ತು.

ಅಪ್ಪನನ್ನು ಕರೆಸಿದೆ. ಒಳ್ಳೆಯ ಮನುಷ್ಯ, ಮಾತು ಕಮ್ಮಿ. ಮೊದಲು ಆ ಕೆಲಸ ಏನೆಂದು ತಿಳಿಸಬೇಕಾಯಿತು, ಏಕೆಂದರೆ ಮಗಳನ್ನು ಪುಕ್ಕಟೆ ದುಡಿಸಿಕೊಳ್ಳುತ್ತಾರೆ ಎಂಬ ಅನುಮಾನ ಅವರಿಗಿತ್ತು. ಜರ್ಮನಿಯಲ್ಲಿ 2011ರಲ್ಲಿ ಕಡ್ಡಾಯ ಸೇನಾ ಸೇವೆ ನಿಂತಿತು. ಸೈನ್ಯಕ್ಕೆ ಸೇರಲು ಮನಸ್ಸೊಪ್ಪದ ಹುಡುಗರು ಅದುವರೆಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುತ್ತಿದ್ದರು. ಅದೂ ನಿಂತಿತು. ಅದರ ಬದಲಿಗೆ ಅದೇ ವರ್ಷ ಶುರುವಾದದ್ದು ಈ ಸ್ವಯಂಸೇವೆ. ಹೊರಗಿನ ದೇಶದವರೂ ಸೇರಬಹುದು. ಸಂಬಳವಿಲ್ಲ, ಕೈಖರ್ಚಿಗೆ ಹಣ ಕೊಡುತ್ತಾರೆ. ವಿಮೆ ಇರುತ್ತದೆ. ವರ್ಷದಲ್ಲಿ 25 ದಿನ ತರಬೇತಿ. ಇವಳಿಗೆ ಊಟ, ರೂಮು ಕೂಡ ಕೊಡುವವರಿದ್ದರು. ಅಪ್ಪ ಸುಮ್ಮನೆ ತಲೆಯಾಡಿಸಿದರು.

ಆಮೇಲೆ ಕೇಳಿದೆ: ‘ಅಜ್ಜಿಯನ್ನು ಈಗ ಯಾರು ನೋಡ್ಕೊಳ್ತಿದ್ದಾರೆ?’

‘ಮನೆಯವಳು.’

‘ಅವರ ಆರೋಗ್ಯ ಹೇಗಿದೆ?’

ಅವರು ತಡವರಿಸಿದರು. ಹೆಂಡತಿಯ ಮಂಡಿ ನೋವು ಎಷ್ಟು ಜಾಸ್ತಿಯಾಗಿದೆ ಎಂದು ಮಗಳಿಗೆ ಹೇಳಿಲ್ಲ ಎಂದರು. ಹೇಳಿದರೆ ಅವಳು ಹೊರಡುವುದಿಲ್ಲ ಎಂಬ ಭಯವಂತೆ. ಅಂದರೆ ಮಗಳು ಹೋಗಬೇಕೆಂದು ಅವರಿಗೂ ಇತ್ತು. ಚುಚ್ಚಿದ ಮಾತಿನ ಅಡಿಯಲ್ಲಿದ್ದದ್ದು ಕೋಪವಲ್ಲ. ಅವಳು ಹೋದ ಮೇಲೆ ಬೆಳಿಗ್ಗೆ ಅಜ್ಜಿಯನ್ನು ಎಬ್ಬಿಸಿ ಸ್ನಾನ ಮಾಡಿಸುವವರು ಯಾರು ಎಂಬ ಲೆಕ್ಕ. ಇದಕ್ಕೆ ಪರಿಹಾರ ಕಷ್ಟವಿರಲಿಲ್ಲ. ಆ ವರ್ಷ ರೊಬಸ್ಟಾ ಕಾಫಿಗೆ ಒಳ್ಳೆ ರೇಟು ಇತ್ತು. ಊರಿನ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಎರಡು ಗಂಟೆ ಬಂದು ಹೋಗುವುದೆಂದು ಮಾತಾಯಿತು. ಅಮ್ಮನ ಮಂಡಿಯನ್ನು ಡಾಕ್ಟರಿಗೆ ತೋರಿಸಿದರು. ಮಗಳು ಎರಡು ದಿನ ಸಿಟ್ಟು ಮಾಡಿಕೊಂಡಳು, ಮೂರನೇ ದಿನ ತಾನೇ ಅಮ್ಮನ ಕಾಲಿಗೆ ಎಣ್ಣೆ ಹಚ್ಚಿದಳು.

ಮೂರನೇ ಭೇಟಿಗೆ ನಾನೇ ಅವರ ಮನೆಗೆ ಹೋದೆ, ಅಜ್ಜಿ ಬೆಟ್ಟ ಇಳಿಯುವ ಹಾಗಿರಲಿಲ್ಲ. ಜುಲೈ ಮಳೆ. ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಒಣಗುತ್ತಿದ್ದವು. ಅಜ್ಜಿ ಒಲೆ ಪಕ್ಕ ಮಣೆ ಹಾಕಿಕೊಂಡು ಎಲೆಅಡಿಕೆ ಕುಟ್ಟುತ್ತಿದ್ದರು. ನಾವೆಲ್ಲ ಸುತ್ತ ಕೂತೆವು. ಒಂದು ಪ್ರಶ್ನೆ ಕೇಳಲೇಬೇಕಿತ್ತು, ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಅಜ್ಜಿಯೇ ಕೇಳಿದರು.

‘ಇವಳು ಅಲ್ಲಿರುವಾಗ ನಾನು ಹೋದ್ರೆ ಏನು ಮಾಡ್ತೀರಿ?’

ಅಮ್ಮ ‘ಬಿಡ್ತು ಅನ್ನಿ’ ಎಂದರು. ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಅವರು ಅರೆಭಾಷೆಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಯಜಮಾನರು ತೀರಿಕೊಂಡಾಗ ದೊಡ್ಡವನು ಮಿಲಿಟರಿಯಲ್ಲಿದ್ದ. ಅಷ್ಟು ದೂರ ಒಬ್ಬನೇ ಇದ್ದಾನೆ, ಅಳ್ತಾನೆ ಅಂತ ಟೆಲಿಗ್ರಾಂ ಕೊಡಲಿಲ್ಲ. ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದು. ಎರಡು ತಿಂಗಳಿಗೆ ರಜೆಯಲ್ಲಿ ಬಂದ. ಅಪ್ಪನಿಗೆ ಅಂತ ಕ್ಯಾಂಟೀನಿನ ರಮ್ ತಂದಿದ್ದ. ಅಂಗಳದಲ್ಲಿ ನಿಂತು ಅಪ್ಪ ಎಲ್ಲಿ ಅಂದ. ಆ ಬಾಟ್ಲಿ ಅವನ ಕೈಯಲ್ಲೇ ಇತ್ತು. ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಇವಳಿಗೆ ಹಾಗೆ ಮಾಡಬೇಡಿ. ಅವತ್ತೇ ಹೇಳಿ.’

ಯಾರೂ ಮಾತಾಡಲಿಲ್ಲ. ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಆಮೇಲೆ ಅಪ್ಪ ಎದ್ದು ಒಳಗೆ ಹೋಗಿ ಒಂದು ಪುಸ್ತಕ ತಂದರು. ಅವರ ಮಳೆ ಪುಸ್ತಕ. ನಮ್ಮ ಕಡೆ ತೋಟದವರು ಮನೆ ಮುಂದೆ ರೈನ್‌ಗೇಜ್ ಇಟ್ಟು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ಇಂಚು, ಸೆಂಟು ಲೆಕ್ಕ; ನೂರು ಸೆಂಟಿಗೆ ಒಂದು ಇಂಚು. ಅದರ ಕೊನೆಯ ಪುಟ ತೆರೆದು ಮಗಳ ಕೈಗೆ ಪೆನ್ನು ಕೊಟ್ಟರು. ‘ಬರ್ಕೋ’ ಎಂದರು.

ಅವತ್ತು ಬರೆದುಕೊಂಡದ್ದೇ ನಾನು ಈ ಮನೆಗೆ ಕೊಟ್ಟ ಸಲಹೆಯ ಮುಖ್ಯ ಭಾಗ. ಅರ್ಧ ಅವರದ್ದೇ. ಸಾವು, ಆಸ್ಪತ್ರೆ, ಗುಡ್ಡ ಜಾರಿದ್ದು ಯಾವುದೇ ಆಗಲಿ, ಅದೇ ದಿನ ಹೇಳಬೇಕು. ಹೇಳುವವರು ಅಪ್ಪ, ಬೇರೆ ಯಾರೂ ಅಲ್ಲ. ಹತ್ತು ಜನ ಹತ್ತು ಥರ ಹೇಳಿದರೆ ದೂರದಲ್ಲಿದ್ದವರಿಗೆ ತಲೆ ಕೆಡುತ್ತದೆ. ಏನಾಗಿದೆ, ಈಗ ಹೇಗಿದೆ, ಮುಂದೆ ಏನು ಮಾಡ್ತಿದ್ದೇವೆ, ಇಷ್ಟೂ ಇರಬೇಕು. ‘ಏನೂ ಆಗಿಲ್ಲ’ ಎಂಬ ಮಾತು ಮಾತ್ರ ಬೇಡ. ಕರೆಂಟ್ ಹೋಗಿ ಫೋನ್ ಸತ್ತರೆ ಮೈಸೂರಿನ ಚಿಕ್ಕಮ್ಮನೇ ನಡುವಿನ ಕೊಂಡಿ. ಮಳೆಗಾಲದಲ್ಲಿ ಎರಡು ದಿನ ಮನೆಯಿಂದ ಸುದ್ದಿ ಬರದಿದ್ದರೆ ಮೊದಲು ಅವರಿಗೆ ಫೋನ್.

ಬರುವ ವಿಷಯ ಹೆಚ್ಚು ಹೊತ್ತು ತೆಗೆದುಕೊಂಡಿತು. ಸುದ್ದಿ ಕೇಳಿದ ಕೂಡಲೇ ಹೊರಟರೂ ಟಿಕೆಟ್ ಸಿಕ್ಕಿ, ಬೆಂಗಳೂರಿಗೆ ಇಳಿದು, ಬೆಟ್ಟ ಹತ್ತಿ ಮನೆ ಮುಟ್ಟಲು ಒಂದೂವರೆ ದಿನವಾದರೂ ಬೇಕು. ಮಣ್ಣು ಮಾಡುವ ಹೊತ್ತಿಗೆ ಮುಟ್ಟುವುದು ಕಷ್ಟ. ತಿಥಿಗೆ ಬರಬಹುದು. ಬರಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಬೇಕು, ಹಣ ಅದಕ್ಕೆ ಅಡ್ಡ ಬರಬಾರದು ಎಂದು ಅಪ್ಪ ಟಿಕೆಟಿನಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟರು. ಅಜ್ಜಿ ‘ನೀನು ಬರದಿದ್ರೂ ನನಗೆ ಬೇಜಾರಿಲ್ಲ, ಹೋಗುವಾಗಲೇ ನನ್ನನ್ನ ಸರಿಯಾಗಿ ನೋಡ್ಕೊಂಡು ಹೋಗು’ ಎಂದು ಮೊಮ್ಮಗಳ ಗಲ್ಲ ಹಿಡಿದರು. ಅವಳು ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಇಂಥ ಮಾತು ಅಪಶಕುನ ಎಂದು ನಾವು ತಳ್ಳಿಬಿಡುತ್ತೇವೆ. ಒಂದು ವರ್ಷಕ್ಕೆ ಮನೆ ಬಿಡುವವರ ತಯಾರಿಯಲ್ಲಿ ಸೂಟ್‌ಕೇಸಿಗಿಂತ ಮುಂಚೆ ಆಗಬೇಕಾದ ಕೆಲಸ ಇದೇ ಎಂದು ನನ್ನ ನಂಬಿಕೆ.

ಇನ್ನು ಅಲ್ಲಿಯ ಬದುಕು. ಅದರಲ್ಲೂ ಅದೇ ಮಾತು ಅಡ್ಡ ಬಂತು. ಇಲ್ಲಿ ಮಗಳು ‘ಏನೂ ಇಲ್ಲ’ ಎಂದರೆ ಅಮ್ಮ ಮುಖ ನೋಡಿಯೇ ಏನೋ ಇದೆ ಎಂದು ತಿಳಿಯುತ್ತಾಳೆ. ಜರ್ಮನಿಯಲ್ಲಿ ‘ಏನೂ ಇಲ್ಲ’ ಎಂದರೆ ಅದನ್ನೇ ನಂಬುವವರು ಜಾಸ್ತಿ. ಅದು ಕಲ್ಲು ಮನಸ್ಸಲ್ಲ. ಹೇಳಿದ ಮಾತಿಗೆ ಅಲ್ಲಿ ಕೊಡುವ ಬೆಲೆ ಅದು. ತಟ್ಟೆಗೆ ಇನ್ನಷ್ಟು ಬೇಕಾ ಎಂದಾಗ ಸಂಕೋಚಕ್ಕೆ ಬೇಡ ಎಂದರೆ ಎರಡನೇ ಸಲ ಯಾರೂ ಬಲವಂತ ಮಾಡುವುದಿಲ್ಲ. ಹಾಗಾಗಿ ಮೂರು ವಾಕ್ಯಗಳನ್ನು ಜರ್ಮನ್‌ನಲ್ಲಿ ಬಾಯಿಗೆ ಬರುವ ತನಕ ಹೇಳಿಸಿದೆ. ‘ನನಗೆ ಅರ್ಥವಾಗಲಿಲ್ಲ, ನಿಧಾನವಾಗಿ ಹೇಳಿ.’ ‘ಈ ಕೆಲಸ ನನಗಿನ್ನೂ ಬರುವುದಿಲ್ಲ.’ ‘ಇವತ್ತು ನನ್ನ ಮನಸ್ಸು ಸರಿಯಿಲ್ಲ.’ ಮೂರನೆಯದು ಅವಳ ಗಂಟಲಿನಿಂದ ಹೊರಡಲು ಎರಡು ಭೇಟಿ ಬೇಕಾಯಿತು. ಕನ್ನಡದಲ್ಲೂ ಅವಳು ಅದನ್ನು ಯಾರಿಗೂ ಹೇಳಿದವಳಲ್ಲ.

1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್ಗೋರ್ ಎಂಬವರು ಅಮೆರಿಕಕ್ಕೆ ಹೋಗಿ ಬಂದ 200 ನಾರ್ವೆಯವರನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಆರು ತಿಂಗಳೊಳಗೆ ವಾಪಸಾದವರು, ಒಂದೂವರೆ ವರ್ಷಕ್ಕಿಂತ ಜಾಸ್ತಿ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು. ನಡುವಿನ ಅವಧಿ ಇದ್ದವರಿಗೇ ಕಷ್ಟ ಜಾಸ್ತಿ ಆಗಿತ್ತು. ಒಂದು ವರ್ಷಕ್ಕೆ ಹೋಗುವವರು ಸರಿಯಾಗಿ ಆ ನಡುವಿನಲ್ಲೇ ಬೀಳುತ್ತಾರೆ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ, ಮೊದಲ ವಾರಗಳೇ ಹೆಚ್ಚು ಕಷ್ಟ ಎಂದು ತೋರಿಸಿದ ಅಧ್ಯಯನಗಳೂ ಆಮೇಲೆ ಬಂದಿವೆ. ಆದರೆ ಡಿಸೆಂಬರಿನಲ್ಲಿ ಬೇಜಾರಾದರೆ ತನ್ನಲ್ಲೇನೋ ಕೊರತೆ ಇದೆ ಎಂದುಕೊಳ್ಳಬಾರದು ಎಂದು ಅವಳಿಗೆ ಇದನ್ನು ಹೇಳಿದೆ. ಎರಡು ವಾರ ನಿದ್ದೆ ಊಟ ಬಿಟ್ಟುಹೋದರೆ, ಬದುಕು ಬೇಡ ಅನ್ನಿಸಿದರೆ ಮಾತ್ರ ಕಾಯಬಾರದು, ಅಲ್ಲಿನ ಮೇಲ್ವಿಚಾರಕರಿಗೆ ಹೇಳಿ ಡಾಕ್ಟರನ್ನು ನೋಡಬೇಕು. ಮನೆಯಲ್ಲಿ ಉಳಿದವರಿಗೆ ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿಯ ಬಗ್ಗೆ ಮುಂಚೆಯೇ ಯೋಚಿಸಿ ಇಟ್ಟೆವು. ಇಲ್ಲಿ ಎಂಟೂವರೆಗೆ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ ಎನ್ನುವಾಗ ಅಲ್ಲಿ ಸಂಜೆ ನಾಲ್ಕು, ಆಗಲೇ ಕತ್ತಲಾಗುತ್ತಿರುತ್ತದೆ. ಆ ಹೊತ್ತಿಗೆ ಮನೆ ತುಂಬ ಜನ ವಿಡಿಯೋದಲ್ಲಿ ಕೂಗಿ ಫೋನ್ ಇಟ್ಟುಬಿಟ್ಟರೆ, ಆಮೇಲಿನ ಮೌನ ಅವಳೊಬ್ಬಳದು. ಅದಕ್ಕೆ ಹಬ್ಬದ ದಿನ ಬೇಡ, ಮರುದಿನ ಅಮ್ಮ ಒಬ್ಬರೇ ಕೂತು ನಿಧಾನವಾಗಿ ಮಾತಾಡುವುದು ಎಂದಾಯಿತು. ಉಳಿದ ದಿನಗಳಲ್ಲಿ ವಾರಕ್ಕೆ ಎರಡು ಫೋನ್ ಸಾಕು. ದಿನವಿಡೀ ಮೊಬೈಲಿನಲ್ಲಿ ಮನೆಯಲ್ಲೇ ಇದ್ದರೆ ಆ ಊರಿಗೆ ಹೋದ ಹಾಗಾಗುವುದಿಲ್ಲ, ಅಲ್ವಾ?

ಅಪ್ಪ ಇದನ್ನು ಕೇಳಿ ಅವರಾಗಿಯೇ ಒಂದು ಮಾತು ಸೇರಿಸಿದರು. ‘ಮಳೆ ಎಷ್ಟು ಬಂತು ಅಂತ ದಿನಾ ಕಳಿಸ್ತೇನೆ.’

ಆಗಸ್ಟ್ ಕೊನೆಗೆ ಅವಳು ಹೊರಟಳು. ಮಳೆ ಇತ್ತು. ಅಂದಿನಿಂದ ದಿನಾ ಅವಳು ಏಳುವ ಹೊತ್ತಿಗೆ ಮೊಬೈಲಿನಲ್ಲಿ ಒಂದು ಸಾಲು ಬಂದಿರುತ್ತಿತ್ತು. ‘2 ಇಂಚು 40 ಸೆಂಟು. ಎಲ್ಲರೂ ಎದ್ದಿದ್ದೇವೆ.’ ಅಷ್ಟೇ.

ಅಕ್ಟೋಬರ್ ನಡುವಿನಲ್ಲಿ ಬಂದ ಒಂದು ಸಂದೇಶವನ್ನು ಅವಳು ನನಗೂ ಕಳಿಸಿದಳು. ‘1 ಇಂಚು 15 ಸೆಂಟು. ನಿನ್ನೆ ಸಂಜೆ ಅಜ್ಜಿ ಬಚ್ಚಲಲ್ಲಿ ಜಾರಿದರು. ಎಡಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿಸಿ ರಾತ್ರಿ ಮನೆಗೆ ಕರ್ಕೊಂಡು ಬಂದೆವು. ಗಂಜಿ ಕುಡಿದರು. ಅಮ್ಮ ಹೆದರಿದ್ದಾಳೆ. ನಾನೂ ಹೆದರಿದ್ದೇನೆ.’

ಅದರ ಕೆಳಗೆ ಅವಳು ಬರೆದಿದ್ದಳು: ‘ಮೇಡಂ, ಇದನ್ನ ಓದಿ ಕೆಲಸಕ್ಕೆ ಹೋದೆ. ಅಲ್ಲಿ ಮೇಲ್ವಿಚಾರಕಿ ಹತ್ತಿರ ಆ ಮೂರನೇ ವಾಕ್ಯ ಹೇಳಿದೆ. ಅವರು ಟೀ ಮಾಡಿ ಕೊಟ್ಟು ಪಕ್ಕದಲ್ಲಿ ಕೂತ್ರು. ತುಂಬ ಅತ್ತೆ. ರಾತ್ರಿ ನಿದ್ದೆ ಬಂತು. ಇವತ್ತು ಅಪ್ಪನ ಮೆಸೇಜು: ಮಳೆ ಇಲ್ಲ. ಅಜ್ಜಿ ಒಂದೇ ಕೈಯಲ್ಲಿ ಎಲೆಅಡಿಕೆ ಕುಟ್ತಿದ್ದಾರೆ.’