ಕಂಟೇನರ್ ಬಾಗಿಲಿಗಿಂತ ಮೊದಲು ಕಾಗದ: ನಿವೃತ್ತ ಕಸ್ಟಮ್ಸ್ ಅಧಿಕಾರಿಯ ಉತ್ತರಗಳು

ಪ್ರಶ್ನೆ: ಬಂದರಿಗೆ ಬರುವ ಎಲ್ಲ ಕಂಟೇನರ್‌ಗಳನ್ನೂ ಎಕ್ಸ್‌-ರೇ ಯಂತ್ರದಲ್ಲಿ ಹಾಯಿಸಿದರೆ ಮಾದಕವಸ್ತುಗಳ ಕಳ್ಳಸಾಗಣೆ ನಿಲ್ಲುವುದಿಲ್ಲವೇ? ಅಧಿಕಾರಿಗಳಿಗೆ ಮನಸ್ಸಿಲ್ಲ ಎಂದೇ ತಿಳಿಯಬೇಕೇ? (ದಾವಣಗೆರೆ)

ನಿವೃತ್ತನಾಗಿ ಈ ಊರಿಗೆ ಬಂದ ಮೇಲೆ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ನನಗೆ ಈ ಪ್ರಶ್ನೆ ತಪ್ಪಿಲ್ಲ. ಆದ್ದರಿಂದ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ಎಕ್ಸ್‌-ರೇ ಯಂತ್ರ ಹೆರಾಯಿನನ್ನು ಗುರುತಿಸುವುದಿಲ್ಲ, ಸರಕಿನ ಸಾಂದ್ರತೆಯ, ಹೆಚ್ಚೆಂದರೆ ವಸ್ತುವಿನ ಸ್ಥೂಲ ಬಗೆಯ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಬಟ್ಟೆಯ ನಡುವೆ ಪಿಸ್ತೂಲಿದ್ದರೆ ಎದ್ದು ಕಾಣುತ್ತದೆ. ಪುಡಿಯ ನಡುವೆ ಪುಡಿಯಿದ್ದರೆ ಪಳಗಿದ ಕಣ್ಣೂ ಸೋಲಬಹುದು. 2022ರಲ್ಲಿ ಗುಜರಾತಿನ ಪಿಪಾವಾವ್ ಬಂದರಿನಲ್ಲಿ ಸಿಕ್ಕಿದ್ದು ಪುಡಿಯೂ ಅಲ್ಲ, ಹೆರಾಯಿನ್ ದ್ರಾವಣದಲ್ಲಿ ನೆನೆಸಿ ಒಣಗಿಸಿದ ನೂಲು. ಹತ್ತಿ ಗಿರಣಿಗಳನ್ನು ಕಂಡ ಊರಿನವರು ನೀವು, ಅಂಥ ನೂಲಿನ ಚಿತ್ರದಲ್ಲಿ ಏನನ್ನು ಹುಡುಕುತ್ತೀರಿ?

ತೆರೆದು ನೋಡಿದರೂ ಕಷ್ಟ ತಪ್ಪದು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಕೊಳವೆ ಚುಚ್ಚಿ ನೋಡುವ ವ್ಯಾಪಾರಿಗೆ ಕೊಳವೆ ಮುಟ್ಟಿದಷ್ಟೇ ಮಾಲು ಗೊತ್ತಾಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನದೇ ಆದ ಮುಂದ್ರಾ ಬಂದರಿನ ಎರಡು ಕಂಟೇನರ್‌ಗಳಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿದ ಸುಮಾರು 2,988 ಕೆ.ಜಿ. ಹೆರಾಯಿನ್ ದೊಡ್ಡ ಚೀಲಗಳ ತಳಭಾಗದಲ್ಲಿತ್ತು. ಮೇಲೆ ಟಾಲ್ಕ್, ಅಂದರೆ ಮುಖದ ಪೌಡರಿಗೆ ಬಳಸುವ ಮೆದು ಕಲ್ಲುಗಳಿದ್ದವು. ಪ್ರತಿ ಕಂಟೇನರನ್ನೂ ಹೀಗೆ ತಳದವರೆಗೆ ಬರಿದು ಮಾಡತೊಡಗಿದರೆ ಹಣ್ಣು ಕೊಳೆಯುತ್ತದೆ, ಕಾರ್ಖಾನೆ ನಿಲ್ಲುತ್ತದೆ, ಬಂದರಿನ ನಿಲುಗಡೆ ಶುಲ್ಕದ ಬಗ್ಗೆ ದೂರು ಕೊಡಲು ನೀವೇ ಮೊದಲು ಬರುತ್ತೀರಿ. ನಾಯಿಯ ಮೂಗು ಚುರುಕಾದರೂ ಅದು ಜೀವವಿರುವ ಪ್ರಾಣಿ, ದಣಿಯುತ್ತದೆ.

ಹಾಗಾಗಿ ಹುಡುಕಾಟ ಆರಂಭವಾಗುವುದು ಕಾಗದದಲ್ಲಿ. ಯಾವ ಕಂಟೇನರನ್ನು ತಡೆಯಬೇಕೆಂದು ಆಯ್ದುಕೊಳ್ಳುವ ಅಪಾಯ ನಿರ್ವಹಣಾ ವ್ಯವಸ್ಥೆ ನಮ್ಮ ಕಸ್ಟಮ್ಸ್‌ನಲ್ಲಿ 2005ರಿಂದ ಇದೆ. ಮುಂದ್ರಾದ ಸರಕನ್ನೇ ನೋಡಿ: ಅಫ್ಗಾನಿಸ್ತಾನದ ಟಾಲ್ಕ್ ಎಂಬ ಹೆಸರು, ಇರಾನಿನ ಬಂದರ್ ಅಬ್ಬಾಸ್ ಮೂಲಕ ಪ್ರಯಾಣ, ತರಿಸಿದ್ದು ವಿಜಯವಾಡದ ವಿಳಾಸವುಳ್ಳ ಸಂಸ್ಥೆ. ರಾಜಸ್ಥಾನದಲ್ಲೇ ಟಾಲ್ಕ್ ಧಾರಾಳವಾಗಿ ಸಿಗುವಾಗ, ಪೂರ್ವ ಕರಾವಳಿಗೆ ಹತ್ತಿರವಿರುವವರು ಅಗ್ಗದ ಕಲ್ಲನ್ನು ಹೊರದೇಶದಿಂದ ತರಿಸಿ ಪಶ್ಚಿಮದ ಬಂದರಿನಲ್ಲಿ ಇಳಿಸಿಕೊಳ್ಳುವುದೇಕೆ? ಈ ಲೆಕ್ಕ ಕೂಡಿಬರುವುದಿಲ್ಲ ಎಂದು ಅನುಮಾನಿಸಲು ಕೋಟಿ ರೂಪಾಯಿಯ ಯಂತ್ರ ಬೇಡ, ಸಾಗಣೆಯ ಖರ್ಚು ತಿಳಿದ ಗುಮಾಸ್ತ ಸಾಕು.

ಪ್ರಶ್ನೆ: ನೂರು ಮೀಟರ್ ದೂರದಿಂದಲೇ ಮಾದಕವಸ್ತುವನ್ನು ಪತ್ತೆಹಚ್ಚುವ ಕೈಯಂತ್ರವೊಂದನ್ನು ನಮ್ಮ ಹಾಸ್ಟೆಲ್‌ಗೆ ಮಾರಲು ಬಂದಿದ್ದಾರೆ. ಕೊಳ್ಳಬಹುದೇ? (ಹಿರಿಯೂರು)

ಬಂದವರನ್ನು ಹೊರಗೆ ಕಳುಹಿಸಿ. ಇಂಥದೇ ಕೆಲಸಕ್ಕೆ ಬಾರದ ಆಂಟೆನಾ ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರವೆಂದು ಸರ್ಕಾರಗಳಿಗೇ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ ವಂಚನೆಗಾಗಿ 2013ರಲ್ಲಿ 10 ವರ್ಷ ಜೈಲಾಯಿತು.

ಪ್ರಶ್ನೆ: ನನ್ನ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕರೆಯಲ್ಲೇ ಬಂಧಿಸುತ್ತೇವೆ ಎನ್ನುತ್ತಾರೆ. (ಚಳ್ಳಕೆರೆ)

ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಪ್ರಶ್ನೆ: ಪರಿಚಿತರೊಬ್ಬರು ನನ್ನ ಆಮದು-ರಫ್ತು ಕೋಡ್ ಬಳಸಿ ಒಂದು ಕಂಟೇನರ್ ತರಿಸಿ ಕಮಿಷನ್ ಕೊಡುವುದಾಗಿ ಹೇಳುತ್ತಿದ್ದಾರೆ. (ಚಿತ್ರದುರ್ಗ)

ಕೊಡಬೇಡಿ. ಆ ಕಂಟೇನರ್‌ನಲ್ಲಿ ಮಾದಕವಸ್ತು ಸಿಕ್ಕರೆ, ಕಾಗದದ ಮೇಲೆ ಅದನ್ನು ತರಿಸಿದವರು ನೀವೇ. 1985ರ ಮಾದಕವಸ್ತು ಕಾಯ್ದೆಯ 35ನೇ ಕಲಮಿನ ಪ್ರಕಾರ ಆರೋಪಿಗೆ ಅಪರಾಧದ ಅರಿವಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ. ಅರಿವಿರಲಿಲ್ಲವೆಂದು ಸಂದೇಹಕ್ಕೆಡೆಯಿಲ್ಲದಂತೆ ಸಾಬೀತುಪಡಿಸುವ ಹೊರೆ ನಿಮ್ಮದು. ನನ್ನ ಸೋದರಳಿಯನಿಗೂ ಇದನ್ನೇ ಹೇಳಿದ್ದೆ. ಅವನು ಎರಡು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ.